ಸಿನಿಮಾದ ಕರಿಹಲಗೆ, ನಮ್ಮ ಕ್ಲಾಸಿನ ಕರಿಹಲಗೆ

ಹತ್ತನೇ ಕ್ಲಾಸಿನ ಒಬ್ಬ ಹುಡುಗ ಮೊಬೈಲಿನಲ್ಲಿ ಒಂದು ತುಣುಕು ನೋಡಿಕೊಂಡು ಬಂದಿದ್ದ. ಅಮೆರಿಕದ ದೊಡ್ಡ ಕಾಲೇಜೊಂದರ ಕಾರಿಡಾರು. ಗೋಡೆಗೆ ಕರಿಹಲಗೆ. ಅದರ ಮೇಲೆ ಯಾರಿಗೂ ಬಗ್ಗದ ಲೆಕ್ಕ. ನೆಲ ಒರೆಸುವ ಹುಡುಗನೊಬ್ಬ ಕೆಲಸ ಬಿಟ್ಟು ಬಂದು, ಸೀಮೆಸುಣ್ಣ ಹಿಡಿದು, ಚಕಚಕ ಅಂತ ಬಿಡಿಸಿಬಿಡುತ್ತಾನೆ. 1997ರ ‘ಗುಡ್ ವಿಲ್ ಹಂಟಿಂಗ್’ ಚಿತ್ರದ ದೃಶ್ಯ ಅದು. ನಮ್ಮ ಹುಡುಗ ಅದನ್ನು ನಾಲ್ಕೈದು ಸಲ ನೋಡಿದ್ದನಂತೆ. ನೋಡಿ ಅವನಿಗೆ ಅನ್ನಿಸಿದ್ದು ಇಷ್ಟು: “ಅಂಥೋರಿಗೆ ಹುಟ್ತಾನೇ ಬಂದಿರ್ತದ್ರೀ ಸರ್. ನಮಗ ಬರಂಗಿಲ್ರೀ.”

ನಾನು ಕೊಪ್ಪಳ ಜಿಲ್ಲೆಯಲ್ಲಿ, ತುಂಗಭದ್ರಾ ಡ್ಯಾಮಿಗೆ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮ ಮಕ್ಕಳು ಗಣಿತವನ್ನು ಎರಡು ಕಡೆ ನೋಡುತ್ತಾರೆ. ಒಂದು ಕ್ಲಾಸಿನಲ್ಲಿ, ಇನ್ನೊಂದು ಪರದೆ ಮೇಲೆ. ಕ್ಲಾಸಿನಲ್ಲಿ ನಾನು ಸಿಗೋದು ದಿನಕ್ಕೆ ಒಂದು ಪಿರಿಯಡ್. ಪರದೆ ರಾತ್ರಿ ಮಲಗುವ ತನಕ ಸಿಗುತ್ತದೆ. ಹಾಗಾಗಿ ಸಿನಿಮಾ, ಟಿವಿ ಗಣಿತವನ್ನು ಹೇಗೆ ತೋರಿಸುತ್ತವೆ ಅನ್ನೋದು ನನಗೆ ಬಿಡುವಿನ ಹೊತ್ತಿನ ಮಾತಲ್ಲ. ಆ ಹುಡುಗನ ಎರಡು ವಾಕ್ಯ ನನ್ನ ಪೂರ್ತಿ ವರ್ಷದ ಕೆಲಸಕ್ಕೆ ಅಡ್ಡ ನಿಂತಿದ್ದವು.

ಮರುದಿನ ಅದೇ ಲೆಕ್ಕವನ್ನು ನಮ್ಮ ಕ್ಲಾಸಿನ ಬೋರ್ಡಿಗೆ ಹಾಕಿದೆ. ಅದನ್ನು ಸರಳವಾಗಿ ಹೇಳುವುದಾದರೆ ಹೀಗೆ. ಹತ್ತು ಚುಕ್ಕೆ ಇಡಿ. ಎಲ್ಲ ಚುಕ್ಕೆಗಳೂ ಒಂದಕ್ಕೊಂದು ಸಂಬಂಧ ಇರುವಂತೆ ಗೆರೆ ಎಳೆದು ಜೋಡಿಸಿ. ಆದರೆ ಗೆರೆಗಳು ಎಲ್ಲೂ ಸುತ್ತಿ ಬಂದು ಕೂಡಬಾರದು, ಅಂದರೆ ಮರದ ಕೊಂಬೆಗಳ ಹಾಗೆ ಕವಲೊಡೆಯಬೇಕು. ಇನ್ನೊಂದು ಷರತ್ತು: ಯಾವ ಚುಕ್ಕೆಗೂ ಸರಿಯಾಗಿ ಎರಡೇ ಗೆರೆ ಇರಬಾರದು. ಒಂದಿರಬಹುದು, ಮೂರು ಅಥವಾ ಅದಕ್ಕಿಂತ ಜಾಸ್ತಿ ಇರಬಹುದು. ಹೀಗೆ ಎಷ್ಟು ಬೇರೆ ಬೇರೆ ಮರ ಬರೆಯಬಹುದು? ಎಲ್ಲವನ್ನೂ ಬರೆಯಿರಿ.

ಇಷ್ಟೇ ಲೆಕ್ಕ. ತಮಗೆ ಇದಕ್ಕೆ ಎರಡು ವರ್ಷ ಹಿಡಿಯಿತು ಅಂತ ಚಿತ್ರದ ಪ್ರೊಫೆಸರ್ ಹೇಳುತ್ತಾರೆ. ನಿಜ ಹೇಳಬೇಕಂದರೆ ಪೆನ್ಸಿಲ್ಲು, ಹಾಳೆ, ತಾಳ್ಮೆ ಇದ್ದ ಯಾರಿಗಾದರೂ ಇದು ಒಂದೆರಡು ದಿನದ ಕೆಲಸ. ನಮ್ಮ ಮಕ್ಕಳು ಸಣ್ಣದರಿಂದ ಶುರು ಮಾಡಿದರು. ನಾಲ್ಕು ಚುಕ್ಕೆಗೆ ಒಂದೇ ಮರ. ಐದಕ್ಕೂ ಒಂದೇ. ಆರಕ್ಕೆ ಎರಡು, ಏಳಕ್ಕೆ ಎರಡು, ಎಂಟಕ್ಕೆ ನಾಲ್ಕು, ಒಂಬತ್ತಕ್ಕೆ ಐದು. ಹತ್ತಕ್ಕೆ ಬಂದಾಗ ಜಗಳ ಶುರುವಾಯಿತು. ಒಬ್ಬಳು ಬರೆದದ್ದನ್ನು ಇನ್ನೊಬ್ಬ “ಇದೂ ಅದೂ ಒಂದೇ, ತಿರುವಿ ಬರ್ದಿ ಅಷ್ಟ” ಅಂದ. ಅಲ್ಲ ಅಂತ ಇವಳು. ಎರಡು ಚಿತ್ರ ಬೇರೆ ಕಂಡರೂ ಒಂದೇ ಮರ ಯಾವಾಗ ಆಗುತ್ತದೆ? ಗಣಿತದಲ್ಲಿ ಇದು ಬಹಳ ದೊಡ್ಡ ಪ್ರಶ್ನೆ. ಅದನ್ನು ನಾನು ಎತ್ತಲಿಲ್ಲ, ಅವರ ಜಗಳವೇ ಎತ್ತಿತು. ಮೂರನೇ ಪಿರಿಯಡ್ ಮುಗಿಯುವ ಹೊತ್ತಿಗೆ ಬೋರ್ಡ್ ಮೇಲೆ ಹತ್ತು ಮರ ಇದ್ದವು. ಉತ್ತರವೂ ಹತ್ತೇ. ಚಿತ್ರದಲ್ಲಿ ಆ ಹುಡುಗ ಎಂಟು ಬರೆದಿರುತ್ತಾನೆ, ಅಷ್ಟರಲ್ಲಿ ಪ್ರೊಫೆಸರ್ ಬಂದುಬಿಡುತ್ತಾರೆ.

ನಾನು ಇಲ್ಲಿ ಹೇಳಬೇಕೆಂದಿರುವುದು ಇದನ್ನೇ. ಪರದೆ ಗಣಿತವನ್ನು ಹುಟ್ಟಿನಿಂದ ಬಂದ ವರ ಅಂತ ತೋರಿಸುತ್ತದೆ. ಆದರೆ ಗಣಿತ ಅನ್ನೋದು ಕೆಲಸ. ಬರೆಯುವುದು, ತಪ್ಪುವುದು, ಒರೆಸುವುದು, ಪಕ್ಕದವರ ಜೊತೆ ವಾದ ಮಾಡುವುದು. ಆ ಕೆಲಸ ಪರದೆ ಮೇಲೆ ಕಾಣದೇ ಹೋದರೆ, ನೋಡುವ ಮಗು ತನ್ನ ತಪ್ಪನ್ನು ತನ್ನ ಹಣೆಬರಹ ಅಂದುಕೊಳ್ಳುತ್ತದೆ.

ಸಿನಿಮಾದವರಿಗೆ ಕಷ್ಟ ಇದೆ, ಒಪ್ಪುತ್ತೇನೆ. ಯೋಚನೆಯನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಹೇಗೆ? ಒಬ್ಬ ಮನುಷ್ಯ ಮೂರು ತಿಂಗಳು ಕುರ್ಚಿ ಮೇಲೆ ಕೂತು ಹಾಳೆ ಹರಿಯುವುದನ್ನು ಯಾರು ನೋಡುತ್ತಾರೆ? ಅದಕ್ಕೇ ಗಾಜಿನ ಕಿಟಕಿ ಮೇಲೆ ಸೂತ್ರ ಬರೆಸುತ್ತಾರೆ. ಗಾಳಿಯಲ್ಲಿ ಅಂಕಿಗಳು ತೇಲುತ್ತವೆ. ಹಿನ್ನೆಲೆ ಸಂಗೀತ ಏರುತ್ತದೆ, ನಾಯಕನ ಕಣ್ಣು ಅರಳುತ್ತದೆ, ಉತ್ತರ ಸಿಕ್ಕಿಬಿಡುತ್ತದೆ. ಇದು ಹಾಲಿವುಡ್ಡಿನ ರೋಗ ಮಾತ್ರ ಅಲ್ಲ. ನಮ್ಮ ಬಳ್ಳಾರಿ, ರಾಯಚೂರಿನವರು ತೆಲುಗು, ಹಿಂದಿ, ತಮಿಳು ಚಿತ್ರಗಳನ್ನೂ ಕನ್ನಡದಷ್ಟೇ ಸಲೀಸಾಗಿ ನೋಡುತ್ತಾರೆ. ಅವುಗಳಲ್ಲೂ ಲೆಕ್ಕದ ಜಾಣ ಅಂದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಎಲ್ಲ ಕಾಣುವವನು. 2022ರ ತಮಿಳು ಚಿತ್ರ ‘ಕೋಬ್ರಾ’ದಲ್ಲಿ ವಿಕ್ರಂ ಅಂಥದ್ದೇ ಒಬ್ಬ ಗಣಿತದ ಮೇಷ್ಟ್ರು. ಅವನ ಲೆಕ್ಕ ಕೊಲೆಗೆ ಆಯುಧ.

ಒಂದು ಪ್ರಸಿದ್ಧ ದೃಶ್ಯವನ್ನು ಸ್ವಲ್ಪ ಬಿಡಿಸಿ ನೋಡೋಣ. 2001ರ ‘ಎ ಬ್ಯೂಟಿಫುಲ್ ಮೈಂಡ್’ ಜಾನ್ ನ್ಯಾಶ್ ಅವರ ಬದುಕಿನ ಕಥೆ. 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಚಿತ್ರದಲ್ಲಿ ನ್ಯಾಶ್ ಗೆಳೆಯರ ಜೊತೆ ಬಾರಿನಲ್ಲಿ ಕೂತಿರುತ್ತಾರೆ. ಒಬ್ಬ ಸುಂದರಿ ತನ್ನ ಗೆಳತಿಯರ ಜೊತೆ ಒಳಗೆ ಬರುತ್ತಾಳೆ. ಎಲ್ಲರೂ ಅವಳನ್ನೇ ಮಾತಾಡಿಸಲು ಹೋದರೆ ಯಾರಿಗೂ ಸಿಗುವುದಿಲ್ಲ, ಅವಳನ್ನು ಬಿಟ್ಟು ಎಲ್ಲರೂ ಉಳಿದವರ ಕಡೆ ಹೋದರೆ ಎಲ್ಲರಿಗೂ ಜೊತೆ ಸಿಗುತ್ತದೆ ಅಂತ ನ್ಯಾಶ್‌ಗೆ ಹೊಳೆಯುತ್ತದೆ. ಅವರ ದೊಡ್ಡ ಸಿದ್ಧಾಂತ ಅಲ್ಲಿಂದ ಹುಟ್ಟಿತು ಅನ್ನೋ ಹಾಗೆ ಚಿತ್ರ ತೋರಿಸುತ್ತದೆ.

ಆದರೆ ಇದು ನ್ಯಾಶ್ ಹೇಳಿದ ಸಮತೋಲನವೇ ಅಲ್ಲ! ಅವರ ಮಾತಿನ ತಿರುಳು ಹೀಗಿದೆ. ಉಳಿದವರೆಲ್ಲ ಈಗ ಮಾಡುತ್ತಿರುವುದನ್ನೇ ಮಾಡುತ್ತಾರೆ ಅಂತ ಇಟ್ಟುಕೊಳ್ಳಿ. ನೀವೊಬ್ಬರೇ ನಿಮ್ಮ ನಡೆ ಬದಲಿಸಿದರೆ ನಿಮಗೆ ಲಾಭ ಇಲ್ಲ. ಪ್ರತಿಯೊಬ್ಬರ ಸ್ಥಿತಿಯೂ ಹೀಗೇ ಇದ್ದರೆ ಅದು ಸಮತೋಲನ. ಕೊಪ್ಪಳದಿಂದ ಗಂಗಾವತಿಗೆ ಹೋಗುವ ರಸ್ತೆಯಲ್ಲಿ ಎಲ್ಲರೂ ಎಡಕ್ಕೆ ಓಡಿಸುತ್ತಾರೆ. ನೀವೊಬ್ಬರೇ ಬಲಕ್ಕೆ ಹೋದರೆ ನಿಮಗೇ ಅಪಾಯ. ಹಾಗಾಗಿ ಯಾರೂ ಬದಲಿಸುವುದಿಲ್ಲ. ಇದು ನ್ಯಾಶ್ ಸಮತೋಲನ. ಬಾರಿನ ದೃಶ್ಯದಲ್ಲಿ ಏನಾಗುತ್ತದೆ? ಗೆಳೆಯರೆಲ್ಲ ಆ ಸುಂದರಿಯನ್ನು ಬಿಟ್ಟರೆ, ಒಬ್ಬನಿಗಾದರೂ “ಈಗ ಯಾರೂ ಅಡ್ಡ ಇಲ್ಲವಲ್ಲ, ನಾನು ಹೋಗ್ತೀನಿ” ಅನ್ನಿಸುತ್ತದೆ. ಒಪ್ಪಂದ ಅಲ್ಲೇ ಮುರಿಯುತ್ತದೆ. ಒಂದೂವರೆ ನಿಮಿಷ ಜಾಸ್ತಿ ತೆಗೆದುಕೊಂಡಿದ್ದರೆ ಚಿತ್ರ ಇದನ್ನು ಸರಿಯಾಗಿ ಹೇಳಬಹುದಿತ್ತು. ತಪ್ಪಿಗಿಂತ ನನಗೆ ಬೇಜಾರಾಗುವುದು ಬೇರೆ ಕಾರಣಕ್ಕೆ. ಎಷ್ಟೋ ದಿನದ ಕೆಲಸವನ್ನು ಅದು ಒಂದು ಸಂಜೆಯ ಹೊಳಹು ಮಾಡಿಬಿಟ್ಟಿತು.

ಇನ್ನೂ ಹಳೆಯ ತಪ್ಪೊಂದಿದೆ. 1939ರ ‘ದಿ ವಿಝರ್ಡ್ ಆಫ್ ಆಝ್’ ಚಿತ್ರದಲ್ಲಿ ಬೆದರುಬೊಂಬೆಗೆ ಬುದ್ಧಿ ಬಂದಿತು ಅಂತ ತೋರಿಸಲು ಅದರ ಬಾಯಲ್ಲಿ ಒಂದು ಪ್ರಮೇಯ ಹೇಳಿಸುತ್ತಾರೆ. ಸಮದ್ವಿಬಾಹು ತ್ರಿಭುಜದ ಯಾವುದೇ ಎರಡು ಬಾಹುಗಳ ವರ್ಗಮೂಲ ಕೂಡಿಸಿದರೆ ಮೂರನೆಯದರ ವರ್ಗಮೂಲ ಬರುತ್ತದಂತೆ. ಪೈಥಾಗೊರಸ್ ಪ್ರಮೇಯ ಕೇಳಿದ ಹಾಗೆ ಇದೆ, ಆದರೆ ಪೂರ್ತಿ ತಪ್ಪು. ಸಮ ಇರುವ ಎರಡು ಬಾಹು ತಲಾ ಒಂದು ಅಡಿ ಅಂತಿಟ್ಟುಕೊಳ್ಳಿ. ಈ ನಿಯಮದ ಪ್ರಕಾರ ಮೂರನೆಯದು ನಾಲ್ಕು ಅಡಿ ಆಗಬೇಕು. ಒಂದು ಅಡಿಯ ಎರಡು ಕೋಲು ನಾಲ್ಕು ಅಡಿಯ ಕೋಲಿನ ಎರಡೂ ತುದಿಯಿಂದ ಬಂದು ಕೂಡಲು ಸಾಧ್ಯವೇ ಇಲ್ಲ. ತ್ರಿಭುಜವೇ ಆಗುವುದಿಲ್ಲ. ಇಲ್ಲಿ ನನಗೆ ನಮ್ಮ ಊರಿನ ಗೌಂಡಿಗಳು ನೆನಪಾಗುತ್ತಾರೆ. ಮನೆ ಪಾಯ ಹಾಕುವಾಗ ಒಂದು ದಾರದಲ್ಲಿ ಮೂರು ಅಡಿ, ಅದಕ್ಕೆ ಅಡ್ಡ ದಾರದಲ್ಲಿ ನಾಲ್ಕು ಅಡಿ ಗುರುತು ಮಾಡಿ, ಎರಡೂ ಗುರುತಿನ ನಡುವೆ ಟೇಪು ಹಿಡಿಯುತ್ತಾರೆ. ಐದು ಅಡಿ ಬಂದರೆ ಮೂಲೆ ನೇರ ಇದೆ. ಬೊಂಬೆ ತಪ್ಪಿದ ಪ್ರಮೇಯವನ್ನು ಗೌಂಡಿ ದಿನಾ ಸರಿಯಾಗಿ ಬಳಸುತ್ತಾನೆ. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಕಟಿಂಗ್ ಮಾಸ್ಟರ್ ಬಟ್ಟೆ ಕಡಿಮೆ ಹಾಳಾಗುವಂತೆ ಪ್ಯಾಂಟಿನ ತುಂಡುಗಳನ್ನು ಹೊಂದಿಸಿ ಇಡುವುದೂ ಜ್ಯಾಮಿತಿಯೇ. ಇವರ ಕೈ ಮೇಲೆ ಕ್ಯಾಮೆರಾ ಯಾಕೆ ನಿಲ್ಲುವುದಿಲ್ಲ?

ಈಗ ನಮ್ಮವರೇ ಆದ ಶಕುಂತಲಾ ದೇವಿ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಅಪ್ಪ ಸರ್ಕಸ್ಸಿನಲ್ಲಿದ್ದರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಬಾಯಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಹೇಳಿದರು. 2020ರಲ್ಲಿ ವಿದ್ಯಾ ಬಾಲನ್ ಅವರ ಪಾತ್ರ ಮಾಡಿದ ಹಿಂದಿ ಚಿತ್ರ ಬಂತು. ತಾಯಿ-ಮಗಳ ಸಂಬಂಧದ ಕಥೆಯಾಗಿ ನನಗೆ ಅದು ಇಷ್ಟ. ಹೆಣ್ಣುಮಗಳೊಬ್ಬಳು ಲೆಕ್ಕವನ್ನು ಇಷ್ಟು ಖುಷಿಯಿಂದ, ಧೈರ್ಯದಿಂದ ಮಾಡುವುದನ್ನು ನಮ್ಮ ಹುಡುಗಿಯರು ಪರದೆ ಮೇಲೆ ನೋಡಿದ್ದು ಅದೇ ಮೊದಲು ಇರಬೇಕು. ಆದರೆ ಒಂದು ಅಪಾಯವೂ ಇದೆ. ಗಣಿತ ಅಂದರೆ ಬೇಗ ಗುಣಿಸುವುದು ಅಂತ ಮಕ್ಕಳು ತಿಳಿಯುತ್ತಾರೆ. ಎಷ್ಟೋ ದೊಡ್ಡ ಗಣಿತಜ್ಞರು ಮಗ್ಗಿಯಲ್ಲಿ ನಿಧಾನ. ವೇಗ ಒಂದು ಕಲೆ, ಗಣಿತ ಅದಕ್ಕಿಂತ ಅಗಲ.

ಹಾಗಂತ ಆ 28 ಸೆಕೆಂಡನ್ನು ಸುಮ್ನೆ ಬೆರಗಾಗಿ ನೋಡಿ ಬಿಡಬೇಕಿಲ್ಲ. ಅವರ ಉತ್ತರವನ್ನು ನಮ್ಮ ಎಂಟನೇ ಕ್ಲಾಸಿನ ಮಗು ಪರೀಕ್ಷಿಸಬಹುದು. ಸಂಖ್ಯೆಗಳು 7686369774870 ಮತ್ತು 2465099745779. ಮೊದಲನೆಯದರ ಅಂಕಿಗಳನ್ನೆಲ್ಲ ಕೂಡಿಸಿದರೆ 78, ಅದನ್ನು 9ರಿಂದ ಭಾಗಿಸಿದರೆ ಶೇಷ 6. ಎರಡನೆಯದರ ಮೊತ್ತ 74, ಶೇಷ 2. ಆರೆರಡಲೆ ಹನ್ನೆರಡು, 9ರಿಂದ ಭಾಗಿಸಿದರೆ ಶೇಷ 3. ಶಕುಂತಲಾ ದೇವಿ ಹೇಳಿದ ಉತ್ತರ 18947668177995426462773730. ಅದರ ಅಂಕಿಗಳ ಮೊತ್ತ 138, ಶೇಷ 3. ತಾಳೆ ಬಂತು. ಉತ್ತರ ಸರಿ ಅಂತ ಇದು ಪೂರ್ತಿ ಸಾಬೀತು ಮಾಡುವುದಿಲ್ಲ. ತಾಳೆ ಬರದಿದ್ದರೆ ಮಾತ್ರ ಉತ್ತರ ಖಂಡಿತ ತಪ್ಪು ಅಂತ ಹೇಳಬಹುದು. ಈ ವ್ಯತ್ಯಾಸ ಅರ್ಥವಾದ ದಿನ ಮಗು ಗಣಿತದ ಒಳಗೆ ಕಾಲಿಟ್ಟ ಹಾಗೆ.

ಇದೇ ಉಪಾಯ ಒಂದು ಕಾರ್ಟೂನಿಗೂ ಕೆಲಸಕ್ಕೆ ಬರುತ್ತದೆ. ‘ದಿ ಸಿಂಪ್ಸನ್ಸ್’ ಅನ್ನೋ ಅಮೆರಿಕದ ಕಾರ್ಟೂನ್ ಸರಣಿಯನ್ನು ಬರೆಯುವವರಲ್ಲಿ ಗಣಿತ, ಭೌತಶಾಸ್ತ್ರ ಓದಿದವರು ಹಲವರಿದ್ದರು. 1998ರ ಒಂದು ಕಂತಿನಲ್ಲಿ ಹೋಮರ್ ಅನ್ನೋ ಪಾತ್ರ ಬೋರ್ಡ್ ಮೇಲೆ ಒಂದು ಸಮೀಕರಣ ಬರೆದಿರುತ್ತದೆ. 3987ರ 12ನೇ ಘಾತ, ಅದಕ್ಕೆ 4365ರ 12ನೇ ಘಾತ ಕೂಡಿಸಿದರೆ 4472ರ 12ನೇ ಘಾತ. ಮಾಮೂಲಿ ಕ್ಯಾಲ್ಕುಲೇಟರಿನಲ್ಲಿ ಹಾಕಿ ನೋಡಿದರೆ ಸರಿ ಅಂತಲೇ ತೋರಿಸುತ್ತದೆ! ಆದರೆ ಇದು ನಿಜವಾದರೆ ಫರ್ಮಾನ ಕೊನೆಯ ಪ್ರಮೇಯ ಸುಳ್ಳಾಗಬೇಕು. ಎರಡಕ್ಕಿಂತ ದೊಡ್ಡ ಘಾತಕ್ಕೆ ಇಂಥ ಪೂರ್ಣಸಂಖ್ಯೆಗಳು ಸಿಗುವುದೇ ಇಲ್ಲ ಅಂತ ಆ ಪ್ರಮೇಯ ಹೇಳುತ್ತದೆ. ಮುನ್ನೂರೈವತ್ತು ವರ್ಷ ಯಾರಿಗೂ ಬಗ್ಗದೆ, ಕೊನೆಗೆ ಆ್ಯಂಡ್ರೂ ವೈಲ್ಸ್ ಅದನ್ನು ಸಾಧಿಸಿದ್ದು 1990ರ ದಶಕದಲ್ಲಿ. ಅವರೇ ಏಳು ವರ್ಷ ಒಬ್ಬರೇ ಕೂತು ಮಾಡಿದ ಕೆಲಸ, ಅದರಲ್ಲೂ ನಡುವೆ ತಪ್ಪು ಸಿಕ್ಕಿ ಮತ್ತೆ ಸರಿ ಮಾಡಬೇಕಾಯಿತು.

ಹೋಮರ್ ಬರೆದದ್ದು ತಪ್ಪು ಅಂತ ಹೇಳಲು ಮಾತ್ರ ವೈಲ್ಸ್ ಬೇಕಿಲ್ಲ. 3987ರ ಅಂಕಿ ಕೂಡಿಸಿ: 27. ಮೂರರಿಂದ ಭಾಗವಾಗುತ್ತದೆ. 4365: 18. ಅದೂ ಭಾಗವಾಗುತ್ತದೆ. ಹಾಗಾದರೆ ಎಡಗಡೆ ಪೂರ್ತಿ ಮೂರರಿಂದ ಭಾಗವಾಗಬೇಕು. 4472: ಮೊತ್ತ 17. ಭಾಗವಾಗುವುದಿಲ್ಲ. ಹೀಗಿರುವಾಗ ಎರಡೂ ಕಡೆ ಸಮ ಹೇಗೆ ಆದೀತು? ಇದನ್ನು ಕ್ಲಾಸಿನಲ್ಲಿ ಮಾಡಿದಾಗ ಕ್ಯಾಲ್ಕುಲೇಟರ್ ಸೋತದ್ದು ನೋಡಿ ಮಕ್ಕಳು ಮೇಜು ಬಡಿದರು. ನೋಡುವವರ ಪಾಲಿಗೆ ಏನನ್ನೋ ಬಿಟ್ಟುಕೊಡುವ ಈ ರೀತಿ ನನಗೆ ಬಹಳ ಹಿಡಿಸುತ್ತದೆ. ತೇಲುವ ಅಂಕಿಗಳ ಆಡಂಬರಕ್ಕಿಂತ ಬೋರ್ಡಿನ ಮೂಲೆಯಲ್ಲಿ ಬಚ್ಚಿಟ್ಟ ಇಂಥ ಒಂದು ಸಾಲು ಎಷ್ಟೋ ಮೇಲು.

ಗಣಿತದ ಕೆಲಸವನ್ನು ಕೆಲಸದ ಹಾಗೇ ತೋರಿಸಿದ ಚಿತ್ರಗಳೂ ಇವೆ. 2015ರ ‘ದಿ ಮ್ಯಾನ್ ಹೂ ನ್ಯೂ ಇನ್ಫಿನಿಟಿ’ ರಾಮಾನುಜನ್ ಕಥೆ. ಕೆನ್ ಓನೊ, ಮಂಜುಲ್ ಭಾರ್ಗವ ಅವರಂಥ ಗಣಿತಜ್ಞರು ಅದಕ್ಕೆ ಸಲಹೆ ಕೊಟ್ಟಿದ್ದರು. ರಾಮಾನುಜನ್ ಅಂದ ಕೂಡಲೇ ನಮ್ಮಲ್ಲಿ ದೇವಿ ಕನಸಿನಲ್ಲಿ ಬಂದು ಸೂತ್ರ ಹೇಳಿದಳು ಅನ್ನೋ ಕಡೆ ಮಾತು ಹೋಗುತ್ತದೆ. ಈ ಚಿತ್ರ ರಾಮಾನುಜನ್ ಜೊತೆ ಕೆಲಸ ಮಾಡಿದ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಯ ಬಾಯಲ್ಲಿ ಇನ್ನೊಂದು ಪ್ರಶ್ನೆ ಇಡುತ್ತದೆ: ಇದು ಸರಿ ಅಂತ ನಿನಗೆ ಹೇಗೆ ಗೊತ್ತು? ಪುರಾವೆ ಎಲ್ಲಿ? ಇಬ್ಬರ ನಡುವಿನ ಎಳೆದಾಟವೇ ಚಿತ್ರದ ಕಥೆ. ಒಂದು ಸಂಖ್ಯೆಯನ್ನು ಎಷ್ಟು ಬಗೆಯಲ್ಲಿ ಒಡೆಯಬಹುದು ಅನ್ನೋ ಲೆಕ್ಕ ಅಲ್ಲಿ ಬರುತ್ತದೆ. 4 ಅನ್ನು ಐದು ಬಗೆಯಲ್ಲಿ ಒಡೆಯಬಹುದು: 4, 3+1, 2+2, 2+1+1, 1+1+1+1. 5ಕ್ಕೆ ಏಳು ಬಗೆ. 200ಕ್ಕೆ? 3972999029388. ಮೇಜರ್ ಮ್ಯಾಕ್‌ಮಹೋನ್ ಅನ್ನೋ ಇನ್ನೊಬ್ಬ ಗಣಿತಜ್ಞರು ಇದನ್ನು ಕೈಯಲ್ಲೇ ಲೆಕ್ಕ ಹಾಕಿದರು. ಹಾರ್ಡಿ, ರಾಮಾನುಜನ್ ಕಂಡುಹಿಡಿದ ಸೂತ್ರ ಅದಕ್ಕೆ ತಾಳೆಯಾಯಿತು. ಒಡೆಯುವ ಆಟವನ್ನು ಕಡಲೆಕಾಳು ಇಟ್ಟು ಐದನೇ ಕ್ಲಾಸಿನವರಿಗೂ ಆಡಿಸಬಹುದು.

ಇನ್ನೊಂದು 2016ರ ‘ಹಿಡನ್ ಫಿಗರ್ಸ್’. ನಾಸಾದಲ್ಲಿ ಲೆಕ್ಕ ಹಾಕುತ್ತಿದ್ದ ಕಪ್ಪು ಹೆಣ್ಣುಮಕ್ಕಳ ಕಥೆ. 1962ರಲ್ಲಿ ಜಾನ್ ಗ್ಲೆನ್ ಭೂಮಿ ಸುತ್ತಲು ಹೊರಡುವ ಮೊದಲು, ಕಂಪ್ಯೂಟರ್ ಕೊಟ್ಟ ಅಂಕಿಗಳನ್ನು ಕ್ಯಾಥರೀನ್ ಜಾನ್ಸನ್ ಕೈಯಲ್ಲಿ ಲೆಕ್ಕ ಹಾಕಿ ನೋಡಲಿ ಅಂತ ಕೇಳಿಕೊಂಡರು. ಇದು ನಡೆದ ಸಂಗತಿ. ಚಿತ್ರದಲ್ಲಿ ಆ ಕೆಲಸ ಓಡೋಡಿ ಕೆಲವೇ ಕ್ಷಣದಲ್ಲಿ ಮುಗಿಯುತ್ತದೆ. ನಿಜದಲ್ಲಿ ಒಂದೂವರೆ ದಿನ ಹಿಡಿಯಿತು ಅಂತ ಜಾನ್ಸನ್ ಅವರೇ ನೆನೆಸಿಕೊಂಡಿದ್ದಾರೆ. ಆ ಒಂದೂವರೆ ದಿನ ನನಗೆ ಆ ಕ್ಷಣಗಳಿಗಿಂತ ದೊಡ್ಡದು. ಯಂತ್ರದ ಪಕ್ಕದಲ್ಲಿ ಕೂತು, ಸಾಲು ಸಾಲಾಗಿ ಅಂಕಿ ಬರೆದು, ಒಬ್ಬ ಮನುಷ್ಯನ ಜೀವಕ್ಕೆ ಹೊಣೆ ಹೊತ್ತ ಹೆಣ್ಣುಮಗಳು. ಆದರೂ ಈ ಚಿತ್ರದಲ್ಲಿ ಗುಂಪು ಇದೆ, ತಾಳೆ ನೋಡುವುದಿದೆ, ಹಳೆಯ ವಿಧಾನಕ್ಕೆ ಮರಳಿ ಹೋಗುವುದಿದೆ. ನಮ್ಮ ಶಾಲೆಯ ಹುಡುಗಿಯರಿಗೆ ತೋರಿಸಲು ನಾನು ಮೊದಲು ಆರಿಸುವುದು ಇದನ್ನೇ.

ಭಾರತದ ಚಿತ್ರಗಳಲ್ಲಿ ಗಣಿತದ ಇನ್ನೊಂದು ಮುಖ ಬೆತ್ತ. 1995ರ ಮಲಯಾಳಂ ಚಿತ್ರ ‘ಸ್ಫಡಿಕಂ’ನಲ್ಲಿ ತಿಲಕನ್ ಮಾಡಿದ ಪಾತ್ರ ಗಣಿತದ ಮೇಷ್ಟ್ರು. ಲೆಕ್ಕ ಬರಲಿಲ್ಲ ಅಂತ ಮಗನನ್ನೇ ಹಾಳು ಮಾಡುವ ಅಪ್ಪ. 2007ರ ‘ತಾರೆ ಜಮೀನ್ ಪರ್’ನಲ್ಲಿ ಪುಟ್ಟ ಹುಡುಗ ಮೂರೊಂಬತ್ತಲೆ ಎಷ್ಟು ಅನ್ನುವುದಕ್ಕೆ ಗ್ರಹಗಳನ್ನೇ ಓಡಿಸುತ್ತಾನೆ. ಮೂರನೇ ಗ್ರಹ ಭೂಮಿ ಹೋಗಿ, ಹಿಂದೆ ಒಂಬತ್ತನೇ ಗ್ರಹ ಅಂತ ಎಣಿಸುತ್ತಿದ್ದ ಪ್ಲೂಟೊಗೆ ಢಿಕ್ಕಿ ಹೊಡೆಯುತ್ತದೆ, ಒಂಬತ್ತು ನಾಶವಾಗುತ್ತದೆ, ಉಳಿದದ್ದು ಮೂರು. ಉತ್ತರ ತಪ್ಪು. ಆದರೆ ಆ ತಪ್ಪಿನ ಒಳಗೆ ಒಂದು ಯೋಚನೆ ಇತ್ತು. ಅದನ್ನು ಕೇಳುವವರು ಇರಲಿಲ್ಲ. ಗಣಿತ ಹೇಳುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಆ ಎರಡು ನಿಮಿಷ ನೋಡಬೇಕು. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು ಮುಂದೆ ಹೋದವನೇ. ಈಗ “ಇದು ಹೆಂಗ ಬಂತಪ್ಪ?” ಅಂತ ಕೇಳುತ್ತೇನೆ. ಉತ್ತರಕ್ಕಿಂತ ಆ ಪ್ರಶ್ನೆಗೆ ಸಿಗುವ ಮಾತು ಜಾಸ್ತಿ ಕಲಿಸುತ್ತದೆ.

2019ರ ‘ಸೂಪರ್ 30’ ಬಗ್ಗೆಯೂ ಹೇಳಬೇಕು. ಪಾಟ್ನಾದಲ್ಲಿ 2002ರಲ್ಲಿ ಆನಂದ್ ಕುಮಾರ್ ಶುರು ಮಾಡಿದ ತರಬೇತಿಯ ಕಥೆ. ಬಡ ಮಕ್ಕಳಿಗೂ ಐಐಟಿ ಬಾಗಿಲು ತೆರೆಯಬಹುದು ಅನ್ನೋ ಧೈರ್ಯ ಕೊಟ್ಟ ಚಿತ್ರ. ಆ ಧೈರ್ಯ ನಮ್ಮ ಕಡೆ ಬಹಳ ಬೇಕಾಗಿದೆ. ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ 2024ರಲ್ಲಿ ಯಾದಗಿರಿ ಕೊನೆ, 2025ರಲ್ಲಿ ಕಲಬುರಗಿ ಕೊನೆ. ಫಲಿತಾಂಶದ ದಿನ ಟಿವಿ ನೋಡಿ. ಮೇಲೆ ಕರಾವಳಿಯ ಜಿಲ್ಲೆ, ಕೆಳಗೆ ಕಲ್ಯಾಣ ಕರ್ನಾಟಕ. ಶೇಕಡಾವಾರು ಅಂಕಿ ದಿನವಿಡೀ ಓಡುತ್ತದೆ. ಎಷ್ಟು ಶಾಲೆಗಳಲ್ಲಿ ಗಣಿತದ ಮೇಷ್ಟ್ರೇ ಇಲ್ಲ, ಎಷ್ಟು ಮಕ್ಕಳು ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕಾಲಕ್ಕೆ ಕ್ಲಾಸು ತಪ್ಪಿಸುತ್ತಾರೆ ಅನ್ನೋ ಅಂಕಿ ಪಕ್ಕದಲ್ಲಿ ಬರುವುದಿಲ್ಲ. ‘ಸೂಪರ್ 30’ರ ದಾರಿ ಮೂವತ್ತು ಜನರನ್ನು ಆರಿಸುವ ದಾರಿ. ನನ್ನ ಮುಂದೆ ಕೂತಿರುವವರನ್ನು ನಾನು ಆರಿಸುವ ಹಾಗಿಲ್ಲ. ಎಲ್ಲರೂ ನನ್ನವರೇ.

ಟಿವಿಗೆ ಬಂದೆವಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. ಧಾರಾವಾಹಿಗಿಂತ ಜಾಸ್ತಿ ಗಣಿತ ಬರುವುದು ಕ್ರಿಕೆಟ್ಟು, ಕ್ವಿಜ್ಜು, ಸುದ್ದಿಯಲ್ಲಿ. 1992ರ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ದಕ್ಷಿಣ ಆಫ್ರಿಕಾಕ್ಕೆ 13 ಎಸೆತಕ್ಕೆ 22 ರನ್ ಬೇಕಿತ್ತು. ಮಳೆ ಬಂದು ಹೋದ ಮೇಲೆ ಮೈದಾನದ ಬೋರ್ಡ್ ಮೇಲೆ ಒಂದು ಎಸೆತಕ್ಕೆ 22 ಅಂತ ಬಂತು. ಆ ಅನ್ಯಾಯದಿಂದ ಹುಟ್ಟಿದ್ದು ಡಕ್ವರ್ತ್-ಲೂಯಿಸ್ ಲೆಕ್ಕ. 1997ರ ಜನವರಿ 1ರಂದು ಅದು ಮೊದಲು ಬಳಕೆಗೆ ಬಂತು. ಉಳಿದ ಓವರು, ಕೈಯಲ್ಲಿರುವ ವಿಕೆಟ್ಟು, ಎರಡನ್ನೂ ಸೇರಿಸಿ ತಂಡದ ಹತ್ತಿರ ಎಷ್ಟು ಬಂಡವಾಳ ಉಳಿದಿದೆ ಅಂತ ಅಳೆಯುತ್ತದೆ. ಕಾಮೆಂಟರಿಯಲ್ಲಿ ಇದನ್ನು ಯಾರಿಗೂ ತಿಳಿಯದ ಒಗಟು ಅಂತ ತಳ್ಳಿಹಾಕುವುದೇ ಜಾಸ್ತಿ. ಮಕ್ಕಳಿಗೆ ಕೋಷ್ಟಕ ತೋರಿಸಿದರೆ ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ.

ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ ನೆನಪಿದೆ ಅಲ್ವಾ? ಅಂಥ ಆಟದಲ್ಲಿ ಕೈಯಲ್ಲಿ 6 ಲಕ್ಷ ಇದೆ ಅಂತಿಟ್ಟುಕೊಳ್ಳಿ. ಎರಡೇ ಆಯ್ಕೆ ಉಳಿದಿವೆ. ಉತ್ತರ ಸರಿಯಾದರೆ 12 ಲಕ್ಷ, ತಪ್ಪಾದರೆ 1 ಲಕ್ಷ. ಸರಾಸರಿ ತೆಗೆದರೆ ಆರೂವರೆ ಲಕ್ಷ. ಆಡುವುದೇ ಮೇಲು ಅನ್ನುತ್ತದೆ ಲೆಕ್ಕ. ಆದರೆ ಮಗಳ ಮದುವೆಗೆ ಐದು ಲಕ್ಷ ಸಾಲ ಮಾಡಿದವರು ನಿಲ್ಲಿಸುತ್ತಾರೆ, ಅದೂ ಸರಿ. ಸರಾಸರಿ ಎಲ್ಲರಿಗೂ ಒಂದೇ, ಕಷ್ಟ ಒಂದೇ ಅಲ್ಲ.

ನಮ್ಮ ಮೂರು ಜಿಲ್ಲೆಗೆ ಟಿವಿಯ ಗಣಿತ ಎಷ್ಟು ಮುಖ್ಯ ಅನ್ನೋದು ಗೊತ್ತಾದದ್ದು 2024ರ ಆಗಸ್ಟಿನಲ್ಲಿ. 10ನೇ ತಾರೀಖು ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಕೊಪ್ಪಳ, ರಾಯಚೂರು, ಬಳ್ಳಾರಿಯ ಭತ್ತ ನಿಂತಿರುವುದೇ ಆ ನೀರಿನ ಮೇಲೆ. ಮನೆ ಮನೆಯಲ್ಲೂ ಟಿವಿ ಹಚ್ಚಿಕೊಂಡು ಕೂತೆವು. ಪರದೆ ತುಂಬ ಅಂಕಿ. ಡ್ಯಾಮಿನಲ್ಲಿ ಇಷ್ಟು ಟಿಎಂಸಿ, ಹೊರಹರಿವು ಇಷ್ಟು ಕ್ಯುಸೆಕ್, ಒಂದು ಲಕ್ಷ ಕ್ಯುಸೆಕ್. ಒಂದು ಅಂಕಿಗೂ ಇನ್ನೊಂದಕ್ಕೂ ಏನು ಸಂಬಂಧ ಅಂತ ಹೇಳಿದವರನ್ನು ನಾನು ನೋಡಲಿಲ್ಲ. ಮನೆ ಮುಂದಿನ ರೈತರೊಬ್ಬರು ಕೇಳಿದ್ದು ಒಂದೇ: “ಎರಡನೇ ಬೆಳಿಗೆ ನೀರು ಉಳಿತದೇನ್ರೀ?”

ಆ ಲೆಕ್ಕ ಇಷ್ಟು ಸುಲಭ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ದಿನಕ್ಕೆ 86,400 ಸೆಕೆಂಡು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ನೂರು ಕೋಟಿಯನ್ನು 86,400ರಿಂದ ಭಾಗಿಸಿದರೆ ಸುಮಾರು 11,574. ಅಂದರೆ 11,574 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ ಖಾಲಿ. ಒಂದು ಲಕ್ಷ ಕ್ಯುಸೆಕ್ ಹರಿದರೆ ದಿನಕ್ಕೆ 8.64 ಟಿಎಂಸಿ. ಒಳಗೆ 30 ಸಾವಿರ ಬರುತ್ತಿದೆ ಅಂತಿಟ್ಟುಕೊಂಡರೆ, ನಿವ್ವಳ ಹೋಗುವುದು 70 ಸಾವಿರ, ದಿನಕ್ಕೆ ಸುಮಾರು 6 ಟಿಎಂಸಿ. ಡ್ಯಾಮು ತುಂಬಿದಾಗ ಸುಮಾರು 105 ಟಿಎಂಸಿ. ಇನ್ನು ರೈತರೇ ಮುಂದಿನ ಲೆಕ್ಕ ಹಾಕಿಕೊಳ್ಳುತ್ತಾರೆ. ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದಾಗ ಎಷ್ಟು ನೀರು ಉಳಿಯಿತು, ಅದರ ಬೆಲೆ ಏನು ಅನ್ನೋದೂ ಆಗ ತಾನೇ ತಿಳಿಯುತ್ತದೆ. ಆ ವಾರ ನಾನು ಪಾಠ ಬಿಟ್ಟು ಇದನ್ನೇ ಮಾಡಿಸಿದೆ. ಮಕ್ಕಳು ಮನೆಗೆ ಹೋಗಿ ಅಪ್ಪಂದಿರಿಗೆ ಹೇಳಿಕೊಟ್ಟರು. ಟಿವಿಯವರು ಪರದೆ ಕೆಳಗೆ ಒಂದೇ ಒಂದು ಸಾಲು ಹಾಕಿದ್ದರೆ ಲಕ್ಷಾಂತರ ಮನೆಗೆ ಈ ಪಾಠ ಮುಟ್ಟುತ್ತಿತ್ತು.

ಕನ್ನಡದಲ್ಲಿ ಗಣಿತದ ಕಥೆಗೆ ಸಾಮಗ್ರಿ ಇಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಹೇಳುವಾಗ ಕೊಪಣ ನಗರದ ಹೆಸರು ಎತ್ತುತ್ತದೆ. ಕೊಪಣ ಅಂದರೆ ನಮ್ಮ ಕೊಪ್ಪಳ. ಅದು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ, ಒಂಬತ್ತನೇ ಶತಮಾನ. ಅದೇ ದೊರೆಯ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಜ್ಯೋತಿಷ, ಖಗೋಳದಿಂದ ಬಿಡಿಸಿ ಗಣಿತಕ್ಕೇ ಮೀಸಲಾದ ಪುಸ್ತಕ. ನಮ್ಮ ಮಕ್ಕಳು ಭಿನ್ನರಾಶಿ ಕೂಡಿಸಲು ಬಳಸುವ ಲ.ಸಾ.ಅ. ಅದರಲ್ಲಿದೆ, ಹೆಸರು ‘ನಿರುದ್ಧ’. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಅನ್ನೋ ಸೂತ್ರ ಇದೆ. ಋಣಸಂಖ್ಯೆಗೆ ವರ್ಗಮೂಲ ಇಲ್ಲ ಅನ್ನೋ ಮಾತಿದೆ. ಉತ್ತರದ ಅಂಕಿಗಳು ಕೊರಳ ಹಾರದ ಹಾಗೆ ಎರಡೂ ಕಡೆಯಿಂದ ಒಂದೇ ಕಾಣುವ ಗುಣಾಕಾರಗಳಿವೆ. ಅದರಲ್ಲೊಂದು: 152207 ಸಲ 73. ಕೈಯಲ್ಲೇ ಮಾಡಿ ನೋಡಿ, 11111111 ಬರುತ್ತದೆ.

73 ಅಂದ ಮೇಲೆ ಇನ್ನೊಂದು ಕಥೆ ಇದೆ. 2010ರಲ್ಲಿ ‘ದಿ ಬಿಗ್ ಬ್ಯಾಂಗ್ ಥಿಯರಿ’ ಅನ್ನೋ ಅಮೆರಿಕದ ಹಾಸ್ಯ ಧಾರಾವಾಹಿಯಲ್ಲಿ ಶೆಲ್ಡನ್ ಅನ್ನೋ ಪಾತ್ರ 73 ಎಲ್ಲಕ್ಕಿಂತ ಒಳ್ಳೆಯ ಸಂಖ್ಯೆ ಅನ್ನುತ್ತದೆ. 73 ಇಪ್ಪತ್ತೊಂದನೇ ಅವಿಭಾಜ್ಯ ಸಂಖ್ಯೆ. ತಿರುಗಿಸಿದರೆ 37, ಅದು ಹನ್ನೆರಡನೇ ಅವಿಭಾಜ್ಯ. 21 ತಿರುಗಿಸಿದರೆ 12. ಏಳು ಮೂರಲೆ 21. ಇಂಥ ಸಂಖ್ಯೆ ಇದೊಂದೇನಾ ಅಂತ ಗಣಿತಜ್ಞರಿಗೆ ಕುತೂಹಲ ಹುಟ್ಟಿತು. ಕಾರ್ಲ್ ಪೊಮರೆನ್ಸ್ ಮತ್ತು ಕ್ರಿಸ್ ಸ್ಪೈಸರ್ 2019ರಲ್ಲಿ ಹೌದು, ಇದೊಂದೇ ಅಂತ ಸಾಧಿಸಿ ಪ್ರಕಟಿಸಿದರು. ಒಂದು ಧಾರಾವಾಹಿಯ ಮಾತು ನಿಜವಾದ ಪ್ರಮೇಯ ಆಯಿತು. ಸಾವಿರ ವರ್ಷಕ್ಕೂ ಹಿಂದೆ, ನಮ್ಮ ನೆಲದ ಹತ್ತಿರ, ಮಹಾವೀರಾಚಾರ್ಯ ಅದೇ 73ನ್ನು ಹಿಡಿದು ಹಾರ ಪೋಣಿಸಿದ್ದ. ಕನ್ನಡದ ಒಬ್ಬ ನಿರ್ದೇಶಕರಿಗೆ ಇದು ಕಥೆಯಾಗಿ ಕಂಡರೆ ನನಗಿಂತ ಖುಷಿ ಪಡುವವರು ಇರಲಾರರು. ಮಹಾವೀರಾಚಾರ್ಯನನ್ನು ದೇವಮಾನವ ಮಾಡದೆ, ಹಲಗೆ ಮೇಲೆ ತಪ್ಪು ಬರೆದು ಒರೆಸುವವನಾಗಿ ತೋರಿಸಲಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ.

ಆ ಹತ್ತನೇ ಕ್ಲಾಸಿನ ಹುಡುಗ ಈಗ ಪಿಯುಸಿಗೆ ಹೋಗಿದ್ದಾನೆ. ಹೋಗುವ ಮೊದಲು ಬಂದು, ಹನ್ನೊಂದು ಚುಕ್ಕೆಗೆ ಎಷ್ಟು ಮರ ಬರುತ್ತವೆ ಅಂತ ಕೇಳಿದ. ಹದಿನಾಲ್ಕು ಅಂತ ಹೇಳಿದೆ, ಆದರೆ ಬರೆದು ತೋರಿಸಲಿಲ್ಲ. ಆಮೇಲೆ ಅವನೂ ಈಗಿನ ಕ್ಲಾಸಿನ ಮೂವರೂ ಸೇರಿ ಬರೆಯಲು ಶುರು ಮಾಡಿದ್ದಾರೆ. ಸ್ಟಾಫ್ ರೂಮಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ. ಅದರ ಮೇಲೆ ಇವತ್ತಿಗೆ ಹನ್ನೆರಡು ಮರ ಇವೆ.